ಕೂದಲೆಳೆಯ ಲೆಕ್ಕ: ಮನೆಯ ಶೆಡ್ಡಿನಲ್ಲಿ ಬೀಟಲ್ ಕಾರಿನ ಮರುಜೋಡಣೆ

ಕಾರಿನ ಎಂಜಿನ್ನನ್ನು ಪೂರ್ತಿಯಾಗಿ ಬಿಚ್ಚಿ, ಸವೆದ ಭಾಗಗಳನ್ನು ಬದಲಿಸಿ, ಕಾರ್ಖಾನೆ ಗೊತ್ತುಮಾಡಿದ ಅಳತೆಗಳಿಗೆ ಮರಳಿ ತರುವ ಕೆಲಸಕ್ಕೆ ಗ್ಯಾರೇಜುಗಳಲ್ಲಿ ಓವರ್‌ಹಾಲ್ ಎಂಬ ಹೆಸರಿದೆ. ಗಣಕದ ಹಿಡಿತದಲ್ಲಿರುವ ಇಂದಿನ ಕಾರುಗಳಲ್ಲಿ ಈ ಕೆಲಸವನ್ನು ಮನೆಯಲ್ಲಿ ಕೈಗೆತ್ತಿಕೊಳ್ಳುವವರು ವಿರಳವಾದರೂ, ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಜರ್ಮನಿ, ಅಮೆರಿಕ, ಬ್ರೆಜಿಲ್, ಮೆಕ್ಸಿಕೋಗಳ ಅಸಂಖ್ಯ ಮನೆಗಳ ಹಿತ್ತಿಲಲ್ಲಿ ಮತ್ತು ಶೆಡ್ಡುಗಳಲ್ಲಿ ಇದು ನಡೆದಿದೆ, ಹಲವೆಡೆ ಈಗಲೂ ನಡೆಯುತ್ತಿದೆ. ಆ ಕೆಲಸಕ್ಕೆ ಸಾಮಾನ್ಯರನ್ನು ಹೆಚ್ಚಾಗಿ ಎಳೆತಂದ ಕಾರೆಂದರೆ ಫೋಕ್ಸ್‌ವ್ಯಾಗನ್ ಬೀಟಲ್. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1945ರ ಡಿಸೆಂಬರಿನಲ್ಲಿ, ವೂಲ್ಫ್ಸ್‌ಬುರ್ಗ್‌ನ ಕಾರ್ಖಾನೆಯಲ್ಲಿ ಬ್ರಿಟಿಷ್ ಸೇನಾಧಿಕಾರಿ ಮೇಜರ್ ಐವನ್ ಹರ್ಸ್ಟ್ ಅವರ ಉಸ್ತುವಾರಿಯಲ್ಲಿ ತಯಾರಿಕೆ ಹಿಡಿದ ಈ ಕಾರು 2003ರ ಜುಲೈ 30ರಂದು ಮೆಕ್ಸಿಕೋದ ಪ್ಯೂಬ್ಲಾದಲ್ಲಿ ನಿಂತಾಗ ಅದರ ಒಟ್ಟು ಸಂಖ್ಯೆ 2,15,29,464 ಆಗಿತ್ತು. ಇಷ್ಟು ದೀರ್ಘ ಕಾಲದಲ್ಲಿ ಅದರ ಎಂಜಿನ್ 25 ಅಶ್ವಶಕ್ತಿಯಿಂದ 50 ಅಶ್ವಶಕ್ತಿಗೆ ಬೆಳೆದರೂ ಮೂಲ ವಿನ್ಯಾಸ ಬದಲಾಗಲಿಲ್ಲವಾದ್ದರಿಂದ, ಒಂದು ವರ್ಷದ ಕಾರಿನ ಭಾಗ ಹತ್ತು ವರ್ಷ ಹಿಂದಿನ ಕಾರಿಗೆ ಸ್ವಲ್ಪ ತಿದ್ದುಪಡಿಯೊಂದಿಗೆ ಕೂರುತ್ತಿತ್ತು. ಮನೆಯಲ್ಲಿ ಎಂಜಿನ್ ಜೋಡಿಸುವವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರೊಂದಿರಲಿಲ್ಲ.

ವಿನ್ಯಾಸವೇ ಮನೆಗೆಲಸಕ್ಕೆ ಒಗ್ಗುವಂಥದ್ದು. ಬೀಟಲ್‌ನ ಎಂಜಿನ್ ಕಾರಿನ ಹಿಂಭಾಗದಲ್ಲಿದೆ. ಅದರ ನಾಲ್ಕು ಸಿಲಿಂಡರುಗಳು ಎಡಕ್ಕೆರಡು ಬಲಕ್ಕೆರಡು ಮಲಗಿಕೊಂಡಿದ್ದು, ಪಿಸ್ಟನ್ನುಗಳು ಎದುರುಬದುರಾಗಿ ಚಲಿಸುತ್ತವೆ. ಇಂತಹ ರಚನೆಯನ್ನು ಬಾಕ್ಸರ್ ಎಂಜಿನ್ ಎನ್ನುತ್ತಾರೆ. ತಂಪುಗೊಳಿಸಲು ನೀರಿಲ್ಲ, ಆದ್ದರಿಂದ ರೇಡಿಯೇಟರ್, ನೀರಿನ ಪಂಪು, ರಬ್ಬರ್ ಕೊಳವೆಗಳು ಯಾವುವೂ ಇಲ್ಲ. ಬೆಲ್ಟಿನಿಂದ ತಿರುಗುವ ಫ್ಯಾನು ತಗಡಿನ ಹೊದಿಕೆಯೊಳಗೆ ಗಾಳಿಯನ್ನು ನೂಕಿ, ಸಿಲಿಂಡರಿನ ಸುತ್ತಲಿನ ತೆಳುವಾದ ಲೋಹದ ರೆಕ್ಕೆಗಳ ನಡುವೆ ಹಾಯಿಸುತ್ತದೆ. ಸುಮಾರು 110 ಕೆ.ಜಿ. ತೂಗುವ ಇಡೀ ಎಂಜಿನ್ ಗೇರ್‌ಬಾಕ್ಸಿಗೆ ಅಂಟಿಕೊಂಡಿರುವುದು ನಾಲ್ಕೇ ಕಡೆಗಳಲ್ಲಿ, ಮೇಲೆರಡು ಕೆಳಗೆರಡು. ಬ್ಯಾಟರಿಯ ತಂತಿ ತೆಗೆದು, ಪೆಟ್ರೋಲಿನ ಕೊಳವೆಯನ್ನು ಕಳಚಿ ಬಾಯಿ ಮುಚ್ಚಿ, ಆಕ್ಸಿಲರೇಟರ್ ಕೇಬಲ್ಲು ಮತ್ತು ವಿದ್ಯುತ್ ತಂತಿಗಳನ್ನು ಬಿಡಿಸಿ, ಕಾರಿನ ಹಿಂಭಾಗವನ್ನು ಗಟ್ಟಿಯಾದ ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಎತ್ತರಕ್ಕೆ ನಿಲ್ಲಿಸಿದರೆ, ಚಕ್ರವಿರುವ ಜಾಕಿನ ಮೇಲೆ ಎಂಜಿನ್ನನ್ನು ಹಿಂದಕ್ಕೆ ಸರಿಸಿ ಕೆಳಗಿಳಿಸಬಹುದು. ಇಲ್ಲಿ ಎರಡು ಎಚ್ಚರಗಳನ್ನು ಮರೆಯುವಂತಿಲ್ಲ. ಮೊದಲನೆಯದಾಗಿ, ಬರಿಯ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಯಾರೂ ಎಂದೂ ನುಸುಳಬಾರದು. ಎರಡನೆಯದಾಗಿ, ಗೇರ್‌ಬಾಕ್ಸಿನಿಂದ ಚಾಚಿಕೊಂಡು ಕ್ಲಚ್ ಪ್ಲೇಟಿನೊಳಗೆ ಹೊಕ್ಕಿರುವ ಶಾಫ್ಟಿನಿಂದ ಎಂಜಿನ್ ಪೂರ್ತಿ ಬಿಡಿಸಿಕೊಳ್ಳುವ ತನಕ ಅದರ ಭಾರ ಆ ಶಾಫ್ಟಿನ ಮೇಲೆ ಬೀಳಬಾರದು.

ಸಾಮಾನ್ಯರ ಕೈಗೆ ಧೈರ್ಯ ಕೊಟ್ಟ ಒಂದು ಪುಸ್ತಕವನ್ನು ಇಲ್ಲಿ ಹೆಸರಿಸಬೇಕು. ವಿಮಾನ ಕಂಪನಿಯ ಎಂಜಿನಿಯರ್ ಆಗಿದ್ದು ಆ ಕೆಲಸ ಬಿಟ್ಟುಬಂದ ಜಾನ್ ಮ್ಯೂರ್ ಎಂಬವರು 1969ರಲ್ಲಿ ನ್ಯೂ ಮೆಕ್ಸಿಕೋದ ಸಾಂಟಾ ಫೆಯಿಂದ ‘ಹೌ ಟು ಕೀಪ್ ಯುವರ್ ಫೋಕ್ಸ್‌ವ್ಯಾಗನ್ ಅಲೈವ್’ ಎಂಬ ಕೈಪಿಡಿಯನ್ನು ಹೊರತಂದರು. ಯಂತ್ರದ ಗಂಧವಿಲ್ಲದವರೂ ಹಂತಹಂತವಾಗಿ ಅನುಸರಿಸಬಹುದಾದ ಬರಹಕ್ಕೆ ಪೀಟರ್ ಆಶ್ವಾಂಡನ್ ಅವರ ವಿವರಭರಿತ ರೇಖಾಚಿತ್ರಗಳು ಸೇರಿದ್ದರಿಂದ ಅದು ಲಕ್ಷಗಟ್ಟಲೆ ಪ್ರತಿಗಳಲ್ಲಿ ಹರಡಿತು. ಇನ್ನೊಂದೆಡೆ, ಕ್ಯಾಲಿಫೋರ್ನಿಯಾದ ರಿವರ್‌ಸೈಡಿನಲ್ಲಿ ಬೀಟಲ್ ಮಾರುತ್ತಿದ್ದ ಜೋ ವಿಟೋನ್ ಅವರು 1950ರ ದಶಕದಲ್ಲೇ ಎಂಪಿ ಎಂಬ ಸಂಸ್ಥೆಯ ಮೂಲಕ ಬೀಟಲ್‌ಗೆ ಬದಲಿ ಹಾಗೂ ಸುಧಾರಿತ ಭಾಗಗಳನ್ನು ಒದಗಿಸತೊಡಗಿದ್ದರು. 1964ರಲ್ಲಿ ಬ್ರೂಸ್ ಮೇಯರ್ಸ್ ರೂಪಿಸಿದ ಫೈಬರ್ ಮೈಯ ಮೇಯರ್ಸ್ ಮ್ಯಾಂಕ್ಸ್ ಎಂಬ ಮರಳುಗಾಡಿನ ಬಂಡಿ ಬೀಟಲ್‌ನ ಎಂಜಿನ್ನನ್ನೇ ಹೊತ್ತು 1967ರಲ್ಲಿ ಮೆಕ್ಸಿಕೋದ ಬಾಹಾ ಪರ್ಯಾಯದ್ವೀಪದ ಮೊದಲ ಓಟದ ಸ್ಪರ್ಧೆಯನ್ನು ಗೆದ್ದ ಮೇಲಂತೂ, ಈ ಸಣ್ಣ ಎಂಜಿನ್ನಿನ ಶಕ್ತಿಯನ್ನು ಹೆಚ್ಚಿಸುವುದೇ ಒಂದು ವಿದ್ಯೆಯಾಗಿ ಬೆಳೆಯಿತು.

ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಹಳೆಯ ಎಂಜಿನ್ ಹೊಗೆ ಉಗುಳತೊಡಗಿದರೆ ‘ಬೋರಿಗೆ ಬಂದಿದೆ’ ಎನ್ನುವ ಮಾತಿದೆ. ಸಿಲಿಂಡರಿನ ಒಳಗೋಡೆ ಸವೆದು ಅಂಡಾಕಾರವಾಗಿದೆ, ಅದನ್ನು ಲೇತ್ ಅಂಗಡಿಯಲ್ಲಿ ಕೊರೆಸಿ ಸ್ವಲ್ಪ ದೊಡ್ಡ ಪಿಸ್ಟನ್ ಹಾಕಿಸಬೇಕು ಎಂಬುದು ಅದರ ಅರ್ಥ. ಸಾಮಾನ್ಯ ಎಂಜಿನ್ನಿನಲ್ಲಿ ನಾಲ್ಕೂ ಸಿಲಿಂಡರುಗಳು ಒಂದೇ ಎರಕದ ದಿಮ್ಮಿಯಲ್ಲಿರುವುದರಿಂದ ಹೀಗೆ ಮಾಡದೆ ವಿಧಿಯಿಲ್ಲ. ಬೀಟಲ್‌ನಲ್ಲಾದರೋ ಪ್ರತಿ ಸಿಲಿಂಡರೂ ಬಿಡಿಯಾದ ಎರಕದ ಕಬ್ಬಿಣದ ಕೊಳವೆಯಾಗಿದ್ದು, ಒಂದು ತುದಿ ಎಂಜಿನ್ನಿನ ನಡುವಣ ಕ್ರ್ಯಾಂಕ್‌ಕೇಸಿನೊಳಗೆ, ಇನ್ನೊಂದು ತುದಿ ಅದರ ಬಾಯಿ ಮುಚ್ಚುವ ಸಿಲಿಂಡರ್ ಹೆಡ್ಡಿನೊಳಗೆ ಕೂರುತ್ತದೆ. ಸವೆದದ್ದನ್ನು ಕೊರೆಸುವ ಬದಲು ಹೊಸ ಕೊಳವೆಯನ್ನೂ ಹೊಸ ಪಿಸ್ಟನ್ನನ್ನೂ ಜೋಡಿಯಾಗಿ ಕೊಂಡು ಹಾಕಿದರಾಯಿತು. ಹೊಸದರಲ್ಲಿ ಪಿಸ್ಟನ್ ಮತ್ತು ಗೋಡೆಯ ನಡುವಿನ ಸಂದು 0.04ರಿಂದ 0.06 ಮಿ.ಮೀ. ಇರುತ್ತದೆ, ಅದು 0.20 ಮಿ.ಮೀ. ತಲುಪಿದಾಗ ಜೋಡಿಯ ಆಯುಸ್ಸು ಮುಗಿಯಿತೆಂದು ಲೆಕ್ಕ. ಪಿಸ್ಟನ್ನಿನ ಉಂಗುರಗಳನ್ನು, ಅಂದರೆ ರಿಂಗುಗಳನ್ನು, ಹಾಕುವ ಮುನ್ನ ಒಂದೊಂದನ್ನೂ ಖಾಲಿ ಸಿಲಿಂಡರಿನೊಳಗೆ ನೇರವಾಗಿ ತಳ್ಳಿ, ಅದರ ಎರಡು ತುದಿಗಳ ನಡುವಣ ಬಿರುಕನ್ನು ಫೀಲರ್ ಗೇಜ್ ಎಂಬ ತೆಳು ಉಕ್ಕಿನ ಎಲೆಗಳಿಂದ ಅಳೆಯಬೇಕು. ಈ ಬಿರುಕು 0.30ರಿಂದ 0.45 ಮಿ.ಮೀ. ಇರಬೇಕು, ಅದಕ್ಕಿಂತ ಕಿರಿದಾದರೆ ಬಿಸಿಗೆ ಹಿಗ್ಗಿದ ರಿಂಗಿನ ತುದಿಗಳು ಪರಸ್ಪರ ತಾಗಿ ಸಿಲಿಂಡರಿನ ಗೋಡೆಯನ್ನೇ ಗೀರಿಬಿಡುತ್ತವೆ.

ಬಿಚ್ಚುವ ಕೆಲಸಕ್ಕೆ ಒಂದು ಸ್ಪ್ಯಾನರ್ ಪೆಟ್ಟಿಗೆಯೂ ತಾಳ್ಮೆಯೂ ಸಾಕು. ಜೋಡಿಸುವ ಕೆಲಸ ಬೇರೆಯೇ ಜಾತಿಯದು. ಅದರಲ್ಲಿ ಕೈಯ ಬಲಕ್ಕಿಂತ ಅಳತೆಯ ನಿಖರತೆ ಮುಖ್ಯ, ಮತ್ತು ಮನೆಯಲ್ಲಿ ಜೋಡಿಸಿದ ಎಂಜಿನ್ನುಗಳು ಬೇಗನೆ ಕೆಡುತ್ತಿದ್ದುದಕ್ಕೆ ಕಾರಣವನ್ನು ಇಲ್ಲಿಯೇ ಹುಡುಕಬೇಕು. ಎಂಜಿನ್ನಿನ ಬೆನ್ನೆಲುಬಾದ ಕ್ರ್ಯಾಂಕ್‌ಕೇಸನ್ನು ಮೆಗ್ನೀಷಿಯಂ ಮಿಶ್ರಲೋಹದಲ್ಲಿ ಎರಕ ಹೊಯ್ದು ಎರಡು ಹೋಳುಗಳಾಗಿ ಮಾಡಲಾಗಿದೆ. ಅಲ್ಯೂಮಿನಿಯಮ್ಮಿನ ಮೂರನೆಯ ಎರಡು ಭಾಗದಷ್ಟೇ ತೂಗುವ ಈ ಲೋಹದಿಂದ ಎಂಜಿನ್ ಹಗುರವಾಯಿತು, ಆದರೆ ಲೋಹ ಮೆದುವಾದ್ದರಿಂದ ಎರಡು ದೋಷಗಳೂ ಜೊತೆಗೆ ಬಂದವು. ಪಿಸ್ಟನ್ನುಗಳ ಓಡಾಟವನ್ನು ತಿರುಗಾಟವಾಗಿ ಬದಲಿಸುವ ಕ್ರ್ಯಾಂಕ್ ಶಾಫ್ಟನ್ನು ಹೊರುವ ನಾಲ್ಕು ಬೇರಿಂಗುಗಳಲ್ಲಿ ನಡುವಿನದು ಕೂರುವ ಗುಳಿ ವರ್ಷಗಟ್ಟಲೆ ಬಡಿತ ತಿಂದು ಅಗಲವಾಗುತ್ತದೆ. ಸಿಲಿಂಡರ್ ಹೆಡ್ಡನ್ನು ಬಿಗಿಯುವ ಉದ್ದನೆಯ ಸ್ಟಡ್ಡುಗಳು ಬಿಸಿಗೆ ಹಿಗ್ಗಿದ ಸಿಲಿಂಡರುಗಳ ಎಳೆತಕ್ಕೆ ಸಿಕ್ಕಿ ತಮ್ಮ ಮರೆಯನ್ನೇ, ಅಂದರೆ ತಿರುಪಿನ ಗೆರೆಗಳನ್ನೇ, ಕಿತ್ತುಕೊಂಡು ಹೊರಬರುತ್ತವೆ. ಮೊದಲನೆಯದಕ್ಕೆ, ಎರಡು ಹೋಳುಗಳನ್ನೂ ಕೂಡಿಸಿ ಬಿಗಿದು ಎಲ್ಲ ಗುಳಿಗಳನ್ನೂ ಒಂದೇ ಸರಳ ರೇಖೆಯಲ್ಲಿ ಕೊರೆದು, ಹೊರಸುತ್ತಿನಲ್ಲಿ ದಪ್ಪನಾದ ಬೇರಿಂಗುಗಳನ್ನು ಹಾಕುವುದೇ ಪರಿಹಾರ. ಎರಡನೆಯದಕ್ಕೆ ಸ್ಟಡ್ಡಿನ ತೂತಿಗೆ ಉಕ್ಕಿನ ಮರೆಯ ಕೊಳವೆಯನ್ನು ತಿರುಗಿಸಿ ಕೂರಿಸುವುದು. ಇವೆರಡೂ ಯಂತ್ರಗಳಿರುವ ಲೇತ್ ಅಂಗಡಿಯ ಕೆಲಸಗಳೇ ಹೊರತು ಶೆಡ್ಡಿನವಲ್ಲ. ಮೆಗ್ನೀಷಿಯಂ ಲೋಹದ ಪುಡಿ ಬೇಗ ಹೊತ್ತಿಕೊಳ್ಳುತ್ತದೆ ಮತ್ತು ನೀರು ಸುರಿದರೆ ಬೆಂಕಿ ಆರುವ ಬದಲು ಹೆಚ್ಚುತ್ತದೆ ಎಂಬುದೊಂದೇ ಕಾರಣ ಸಾಕು, ಮನೆಯಲ್ಲಿ ಡ್ರಿಲ್ಲು ಹಿಡಿದು ಈ ಕೇಸನ್ನು ಕೊರೆಯಹೊರಡುವವರನ್ನು ತಡೆಯಲು.

ಬೇರಿಂಗಿನ ಸಂದು ಅಳೆಯುವ ವಿಧಾನದಲ್ಲೂ ಬೀಟಲ್ ಬೇರೆ ಕಾರುಗಳಂತಲ್ಲ. ಸಾಮಾನ್ಯವಾಗಿ ಮೇಣದಂತಹ ತೆಳ್ಳನೆಯ ಪ್ಲಾಸ್ಟಿಕ್ ಎಳೆಯೊಂದನ್ನು ಶಾಫ್ಟಿನ ಮೇಲಿಟ್ಟು, ಬೇರಿಂಗಿನ ಮುಚ್ಚಳ ಬಿಗಿದು ಬಿಚ್ಚಿ, ಎಳೆ ಎಷ್ಟು ಅಗಲಕ್ಕೆ ಚಪ್ಪಟೆಯಾಯಿತೆಂಬುದರಿಂದ ಸಂದನ್ನು ತಿಳಿಯುತ್ತಾರೆ. ಬೀಟಲ್‌ನ ನಾಲ್ಕು ಮುಖ್ಯ ಬೇರಿಂಗುಗಳಲ್ಲಿ ಎರಡನೆಯದು ಮಾತ್ರ ಎರಡು ಹೋಳಾಗಿದ್ದು, ಉಳಿದ ಮೂರು ಬಳೆಯಂತೆ ಇಡಿಯಾಗಿವೆ. ಬಳೆಯೊಳಗೆ ಶಾಫ್ಟನ್ನು ತೂರಿಸುವಾಗ ಎಳೆ ಉಳಿಯುವುದಿಲ್ಲ. ಆದ್ದರಿಂದ ಶಾಫ್ಟಿನ ಹೊರ ವ್ಯಾಸವನ್ನು ಮೈಕ್ರೋಮೀಟರಿನಿಂದಲೂ, ಕೇಸಿನಲ್ಲಿ ಬಿಗಿದು ಕೂತ ಬೇರಿಂಗಿನ ಒಳ ವ್ಯಾಸವನ್ನು ಬೋರ್ ಗೇಜಿನಿಂದಲೂ ಅಳೆದು ಕಳೆಯುವುದೊಂದೇ ನಂಬಬಹುದಾದ ದಾರಿ. ಶಾಫ್ಟಿನ ಮೈ ಸವೆದಿದ್ದರೆ ಅದನ್ನು ಕಾಲು ಮಿ.ಮೀ.ನ ಹಂತಗಳಲ್ಲಿ ಉಜ್ಜಿಸಿ ಅದಕ್ಕೆ ತಕ್ಕ ಕಿರಿದಾದ ಬೇರಿಂಗನ್ನು ಹಾಕುತ್ತಾರೆ.

ಇಡೀ ಜೋಡಣೆಯಲ್ಲಿ ಅತ್ಯಂತ ಸೊಗಸಾದ ಲೆಕ್ಕವೆಂದರೆ ಎಂಡ್ ಪ್ಲೇ, ಅಂದರೆ ಕ್ರ್ಯಾಂಕ್ ಶಾಫ್ಟು ತನ್ನ ಉದ್ದಕ್ಕೆ ಹಿಂದುಮುಂದಾಗಿ ಸರಿದಾಡಲು ಬಿಡುವ ಜಾಗದ್ದು. ಶಾಫ್ಟು ಬಿಸಿಯಾದಾಗ ಹಿಗ್ಗುವುದರಿಂದ ಸ್ವಲ್ಪ ಜಾಗ ಬೇಕೇ ಬೇಕು. ಜಾಗ ಹೆಚ್ಚಾದರೆ ಕ್ಲಚ್ ಒತ್ತಿದಾಗಲೆಲ್ಲ ಶಾಫ್ಟು ಸರಿದು ಕೇಸಿಗೇ ಬಡಿಯುತ್ತದೆ. ನಿಗದಿಯಾದ ಅಳತೆ 0.07ರಿಂದ 0.13 ಮಿ.ಮೀ., ಎಂದರೆ ಹೆಚ್ಚುಕಡಿಮೆ ಒಂದೆರಡು ಕೂದಲೆಳೆಗಳ ದಪ್ಪ. ಇದನ್ನು ಹೊಂದಿಸಲು ಫ್ಲೈವೀಲ್ ಎಂಬ ಭಾರವಾದ ಚಕ್ರದ ಹಿಂದೆ ಶಿಮ್ಮುಗಳೆಂಬ ಮೂರು ತೆಳು ಉಕ್ಕಿನ ಬಿಲ್ಲೆಗಳನ್ನು ಇಡುತ್ತಾರೆ, ಅವು 0.24ರಿಂದ 0.38 ಮಿ.ಮೀ.ವರೆಗಿನ ಹಲವು ದಪ್ಪಗಳಲ್ಲಿ ಸಿಗುತ್ತವೆ. ಮೊದಲು ಎಣ್ಣೆ ಸೀಲನ್ನು ಹಾಕದೆ, ಎರಡೇ ಬಿಲ್ಲೆಗಳನ್ನಿಟ್ಟು ಫ್ಲೈವೀಲನ್ನು ಬಿಗಿದು, ಮುಳ್ಳಿನ ಗಡಿಯಾರದಂತಿರುವ ಡಯಲ್ ಗೇಜನ್ನು ಕೇಸಿಗೆ ಸಿಕ್ಕಿಸಿ, ಶಾಫ್ಟನ್ನು ಹಿಂದೆ ಮುಂದೆ ತಳ್ಳಿ ಓದಬೇಕು. ಬಂದ ಅಂಕಿಯಿಂದ 0.10 ಕಳೆದರೆ ಮೂರನೆಯ ಬಿಲ್ಲೆಯ ದಪ್ಪ ತಿಳಿಯುತ್ತದೆ. ಗೇಜು 0.44 ತೋರಿಸಿದರೆ 0.34ರ ಬಿಲ್ಲೆ ಬೇಕು. ಆಮೇಲೆ ಎಲ್ಲವನ್ನೂ ಬಿಚ್ಚಿ, ಸೀಲು ಹಾಕಿ, ಮೂರೂ ಬಿಲ್ಲೆಗಳೊಂದಿಗೆ ಮತ್ತೆ ಬಿಗಿದು, ಮತ್ತೊಮ್ಮೆ ಅಳೆಯಬೇಕು. ಫ್ಲೈವೀಲನ್ನು ಹಿಡಿಯುವ 36 ಮಿ.ಮೀ. ಅಗಲದ ಒಂದೇ ನಟ್ಟನ್ನು 30 ಕಿಲೋಗ್ರಾಂ-ಮೀಟರಿಗೆ ಬಿಗಿಯಬೇಕೆಂದು ಕೈಪಿಡಿಗಳು ಹೇಳುತ್ತವೆ. ಒಂದು ಮೀಟರ್ ಉದ್ದದ ಸನ್ನೆಯ ತುದಿಗೆ 30 ಕೆ.ಜಿ. ತೂಗುಹಾಕಿದಾಗ ಬೀಳುವ ತಿರುಚುಬಲ ಅದು. ಕೈಯಂದಾಜಿಗೆ ಬಿಟ್ಟರೆ ಈ ನಟ್ಟು ಓಡುವ ದಾರಿಯಲ್ಲಿ ಸಡಿಲಗೊಂಡು ಫ್ಲೈವೀಲನ್ನೂ ಶಾಫ್ಟನ್ನೂ ಒಟ್ಟಿಗೆ ಹಾಳುಮಾಡುತ್ತದೆ.

ಕೇಸಿನ ಎರಡು ಹೋಳುಗಳನ್ನು ಕೂಡಿಸುವ ಮುನ್ನ ಕ್ಯಾಮ್ ಶಾಫ್ಟನ್ನು ಸರಿಯಾದ ಜಾಗಕ್ಕೆ ಕೂರಿಸಬೇಕು. ವಾಲ್ವುಗಳೆಂಬ ಕವಾಟಗಳನ್ನು ಹೊತ್ತಿಗೆ ಸರಿಯಾಗಿ ತೆರೆಸುವ ಈ ಶಾಫ್ಟಿನ ಗೇರಿನ ಮೇಲೆ ಒಂದು ಚುಕ್ಕೆಯೂ, ಕ್ರ್ಯಾಂಕಿನ ಗೇರಿನ ಮೇಲೆ ಎರಡು ಚುಕ್ಕೆಗಳೂ ಇದ್ದು, ಒಂದು ಚುಕ್ಕೆಯ ಹಲ್ಲು ಎರಡು ಚುಕ್ಕೆಗಳ ಹಲ್ಲುಗಳ ನಡುವೆ ಬರಬೇಕು. ಒಂದೇ ಹಲ್ಲು ಆಚೀಚೆಯಾದರೂ ಎಂಜಿನ್ ಸರಿಯಾಗಿ ಉಸಿರಾಡುವುದಿಲ್ಲ. ಹೋಳುಗಳ ನಡುವೆ ಕಾಗದದ ಪ್ಯಾಕಿಂಗ್ ಹಾಕಕೂಡದು. ಹಾಕಿದರೆ ಬೇರಿಂಗಿನ ಗುಳಿಗಳು ಆ ಕಾಗದದಷ್ಟೇ ಬಾಯಿ ಬಿಡುತ್ತವೆ. ತೆಳುವಾದ ಸೀಲಿಂಗ್ ಅಂಟನ್ನು ಮಾತ್ರ ಸವರಿ, ಎಲ್ಲ ಬೇರಿಂಗುಗಳಿಗೂ ಎಣ್ಣೆ ಹಚ್ಚಿ, ನಟ್ಟುಗಳನ್ನು ಒಂದೊಂದಾಗಿ ಬಿಗಿಯುತ್ತ, ಪ್ರತಿ ಬಾರಿಯೂ ಶಾಫ್ಟು ಕೈಯಲ್ಲಿ ಸಲೀಸಾಗಿ ತಿರುಗುತ್ತದೆಯೇ ಎಂದು ನೋಡುವುದು ಅನುಭವಿಗಳ ಕ್ರಮ. ಬಿಗಿಯುತ್ತಿರುವಾಗ ತಿರುಗುವುದು ನಿಂತರೆ ಬಲ ಹಾಕದೆ ಅಲ್ಲಿಗೇ ನಿಲ್ಲಿಸಿ ಹೋಳುಗಳನ್ನು ಬಿಡಿಸಬೇಕು. ಬಹುಮಟ್ಟಿಗೆ ಯಾವುದೋ ಬೇರಿಂಗು ತನ್ನ ಗೂಟದ ಮೇಲೆ ಸರಿಯಾಗಿ ಕೂತಿರುವುದಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಇದ್ದದ್ದನ್ನು ಇದ್ದಂತೆ ಮರಳಿ ತರುವ ಕೆಲಸ. ಶಕ್ತಿ ಹೆಚ್ಚಿಸುವ ಆಸೆ ಹುಟ್ಟುವುದು ಸಾಮಾನ್ಯವಾಗಿ ಹೊಸ ಸಿಲಿಂಡರುಗಳನ್ನು ಕೊಳ್ಳುವ ಹೊತ್ತಿನಲ್ಲಿ. 1600 ಎಂದು ಕರೆಯುವ ಎಂಜಿನ್ನಿನಲ್ಲಿ ಸಿಲಿಂಡರಿನ ವ್ಯಾಸ 85.5 ಮಿ.ಮೀ., ಪಿಸ್ಟನ್ ಓಡುವ ದೂರ 69 ಮಿ.ಮೀ., ಒಟ್ಟು ಗಾತ್ರ 1584 ಸಿ.ಸಿ. ಅದೇ ಕ್ರ್ಯಾಂಕ್ ಶಾಫ್ಟನ್ನು ಉಳಿಸಿಕೊಂಡು 90.5 ಮಿ.ಮೀ. ವ್ಯಾಸದ ಸಿಲಿಂಡರುಗಳನ್ನು ಹಾಕಿದರೆ ಗಾತ್ರ ಸುಮಾರು 1775 ಸಿ.ಸಿ.ಗೆ ಏರುತ್ತದೆ, ಇದಕ್ಕಾಗಿ ಕೇಸಿನ ಮತ್ತು ಹೆಡ್ಡಿನ ತೂತುಗಳನ್ನು ದೊಡ್ಡದಾಗಿ ಕೊರೆಸಬೇಕು. ಕೊರೆಸುವ ಖರ್ಚು ಬೇಡವೆನ್ನುವವರಿಗೆಂದು ಹಳೆಯ ತೂತಿಗೇ ಕೂರುವ 88 ಮಿ.ಮೀ. ಸಿಲಿಂಡರುಗಳೂ ಬಂದವು, ಆದರೆ ಹೊರ ಅಳತೆ ಅಷ್ಟೇ ಇದ್ದು ಒಳ ಅಳತೆ ಹಿಗ್ಗಿದ್ದರಿಂದ ಅವುಗಳ ಗೋಡೆ ತೀರ ತೆಳುವಾಗಿ, ಬಿಸಿಯಲ್ಲಿ ದುಂಡಗೆ ಉಳಿಯದೆ ಸೊಟ್ಟಗಾಗುತ್ತವೆ. ಗಾತ್ರ ಹೆಚ್ಚಿದರೂ ಆಯುಸ್ಸು ಕುಗ್ಗುವ ಈ ದಾರಿ ನಿಜವಾದ ಸುಧಾರಣೆ ಅಲ್ಲ.

ಗಾತ್ರದ ಜೊತೆಗೇ ಇನ್ನೊಂದು ಅಂಕಿಯೂ ಸದ್ದಿಲ್ಲದೆ ಏರುತ್ತದೆ. ಪಿಸ್ಟನ್ ಕೆಳತುದಿಯಲ್ಲಿದ್ದಾಗ ಇರುವ ಒಟ್ಟು ಜಾಗಕ್ಕೂ, ಮೇಲ್ತುದಿ ಮುಟ್ಟಿದಾಗ ಉಳಿಯುವ ಕಿರುಜಾಗಕ್ಕೂ ಇರುವ ಅನುಪಾತವನ್ನು ಕಂಪ್ರೆಶನ್ ಅನುಪಾತ ಎನ್ನುತ್ತಾರೆ. 1584 ಸಿ.ಸಿ. ಎಂಜಿನ್ನಿನ ಒಂದು ಸಿಲಿಂಡರಿನ ಗಾತ್ರ 396 ಸಿ.ಸಿ.; ಅನುಪಾತ 7.5 ಇರಬೇಕಾದರೆ ಉಳಿಯುವ ಜಾಗ 61 ಸಿ.ಸಿ. ಆಗುತ್ತದೆ. ಆ ಜಾಗವನ್ನು ಹಾಗೆಯೇ ಬಿಟ್ಟು ಸಿಲಿಂಡರನ್ನು 444 ಸಿ.ಸಿ.ಗೆ ಹಿಗ್ಗಿಸಿದರೆ ಅನುಪಾತ 8.3ರ ಹತ್ತಿರ ಹೋಗುತ್ತದೆ. ಅನುಪಾತ ಏರಿದಷ್ಟೂ ಶಕ್ತಿ ಹೆಚ್ಚುತ್ತದೆ, ಆದರೆ ಅದರೊಂದಿಗೆ ಬಿಸಿಯೂ ಏರಿ, ಪೆಟ್ರೋಲು ಹದವಾಗಿ ಉರಿಯುವ ಬದಲು ಒಮ್ಮೆಲೇ ಸಿಡಿಯುವ ನಾಕಿಂಗ್ ಎಂಬ ದೋಷ ಕಾಣಿಸಿಕೊಳ್ಳುತ್ತದೆ. ಆದ್ದರಿಂದಲೇ ಬಲ್ಲವರು ಹೆಡ್ಡಿನ ಕೋಣೆಯೊಳಗೆ ಸಿರಿಂಜಿನಿಂದ ಎಣ್ಣೆ ತುಂಬಿ ಅದರ ಗಾತ್ರವನ್ನು ಅಳೆದು, ಪಿಸ್ಟನ್ನಿನ ನೆತ್ತಿ ಸಿಲಿಂಡರಿನ ಅಂಚಿಗಿಂತ ಎಷ್ಟು ಕೆಳಗೆ ನಿಲ್ಲುತ್ತದೆಂಬುದನ್ನೂ ಅಳೆದು, ಬೇಕಿದ್ದರೆ ಸಿಲಿಂಡರಿನ ಬುಡಕ್ಕೆ ತೆಳು ಬಿಲ್ಲೆಗಳನ್ನಿಟ್ಟು ಅನುಪಾತವನ್ನು ಹತೋಟಿಗೆ ತರುತ್ತಾರೆ.

ಗಾಳಿಯಿಂದ ತಂಪಾಗುವ ಎಂಜಿನ್ನಿಗೆ ಬಿಸಿಯೇ ನಿಜವಾದ ಗಡಿ. ಹಳೆಯ ಬೀಟಲ್‌ಗಳಲ್ಲಿ ಎಣ್ಣೆಯನ್ನು ತಂಪುಮಾಡುವ ಕೂಲರ್ ಫ್ಯಾನಿನ ಹೊದಿಕೆಯೊಳಗೆ, ಮೂರನೆಯ ಸಿಲಿಂಡರಿಗೆ ಹೋಗುವ ಗಾಳಿಯ ದಾರಿಯಲ್ಲೇ ನಿಂತಿತ್ತು. ಕೂಲರಿನಿಂದ ಬಿಸಿಯಾದ ಗಾಳಿಯೇ ಆ ಸಿಲಿಂಡರಿಗೆ ತಲುಪುತ್ತಿದ್ದುದರಿಂದ ಮೂರನೆಯದರ ಎಕ್ಸಾಸ್ಟ್ ವಾಲ್ವು ಬೇರೆಯವುಗಳಿಗಿಂತ ಮೊದಲೇ ಸುಡುತ್ತಿತ್ತು, ಕೆಲವೊಮ್ಮೆ ತಲೆ ಮುರಿದು ಪಿಸ್ಟನ್ನಿನ ಮೇಲೆ ಬೀಳುತ್ತಿತ್ತು. 1970ರ ದಶಕದ ಆರಂಭದಲ್ಲಿ ಕಂಪನಿ ಕೂಲರನ್ನು ಹೊದಿಕೆಯ ಹಿಂದಕ್ಕೆ ಸರಿಸಿ ಅದರ ಗಾಳಿಗೆ ಬೇರೆ ದಾರಿ ಮಾಡಿಕೊಟ್ಟಿತು. ಹಳೆಯ ಎಂಜಿನ್ನಿಗೂ ಈ ಹೊಸ ಹೊದಿಕೆಯನ್ನು ತೊಡಿಸಬಹುದು, ಮತ್ತು ಸಿಲಿಂಡರಿನ ಗಾತ್ರ ಹೆಚ್ಚಿಸುವ ಮುನ್ನ ಮಾಡಬೇಕಾದ ಸುಧಾರಣೆ ಇದೇ. ಇನ್ನೊಂದು ಸುಧಾರಣೆ ಎಣ್ಣೆಯದು. ಹಳೆಯ ಬೀಟಲ್‌ಗಳಲ್ಲಿ ಇರುವುದು ಎರಡೂವರೆ ಲೀಟರ್ ಎಣ್ಣೆ ಮತ್ತು ಒಂದು ತಂತಿಜಾಲರಿ; ಕಾಗದದ ಎಣ್ಣೆ ಫಿಲ್ಟರ್ ಇಲ್ಲವೇ ಇಲ್ಲ. ಕೇಸು ಬಿಚ್ಚಿರುವಾಗಲೇ ಎಣ್ಣೆಯ ಮುಖ್ಯ ಕಾಲುವೆಗೆ ಮರೆ ಕೊರೆಸಿ, ಪಂಪಿನಿಂದ ಹೊರಟ ಎಣ್ಣೆಯೆಲ್ಲ ಹೊರಗಿನ ಫಿಲ್ಟರಿನ ಮೂಲಕ ಹಾದು ಬರುವಂತೆ ಮಾಡುವುದು ಅಶ್ವಶಕ್ತಿಯನ್ನು ಒಂದಿಷ್ಟೂ ಹೆಚ್ಚಿಸುವುದಿಲ್ಲ, ಆದರೂ ದೊಡ್ಡ ಕಾರ್ಬುರೇಟರುಗಳಿಗಿಂತ ಬೆಲೆಬಾಳುವ ಬದಲಾವಣೆ ಅದು. ಸಿಲಿಂಡರುಗಳ ಕೆಳಗೆ ಕೂರಬೇಕಾದ ಸಣ್ಣ ತಗಡುಗಳನ್ನು, ಎಂಜಿನ್ ಕೋಣೆಯ ಸುತ್ತಲಿನ ರಬ್ಬರ್ ಪಟ್ಟಿಯನ್ನು, ಎಂಜಿನ್ ಬೇಗ ಹದವಾದ ಬಿಸಿಗೆ ಬರಲು ಗಾಳಿಯನ್ನು ತಡೆದು ಆಮೇಲೆ ಬಿಡುವ ಥರ್ಮೋಸ್ಟಾಟನ್ನು ಕೆಲಸಕ್ಕೆ ಬಾರದ ಚಿಲ್ಲರೆ ಸಾಮಾನೆಂದು ಬದಿಗಿಡುವವರಿದ್ದಾರೆ. ಅದು ತಪ್ಪು. ಆ ರಬ್ಬರ್ ಪಟ್ಟಿ ಹರಿದಿದ್ದರೆ ಕೆಳಗಿನಿಂದ ಬಿಸಿ ಗಾಳಿ ಮೇಲೇರಿ ಫ್ಯಾನಿಗೇ ಮರಳಿ ಸೇರುತ್ತದೆ.

ಗೇರ್‌ಬಾಕ್ಸಿನ ಕಥೆ ಸ್ವಲ್ಪ ಬೇರೆ. ಬೀಟಲ್‌ನಲ್ಲಿ ನಾಲ್ಕು ಗೇರುಗಳ ಪೆಟ್ಟಿಗೆಯೂ, ತಿರುವಿನಲ್ಲಿ ಎರಡು ಚಕ್ರಗಳು ಬೇರೆಬೇರೆ ವೇಗದಲ್ಲಿ ಸುತ್ತಲು ಬಿಡುವ ಡಿಫರೆನ್ಷಿಯಲ್ಲೂ ಒಂದೇ ಎರಕದೊಳಗೆ ಇದ್ದು, ಎರಡನ್ನೂ ಸೇರಿಸಿ ಟ್ರಾನ್ಸ್‌ಆಕ್ಸಲ್ ಎನ್ನುತ್ತಾರೆ. ಗೇರು ಹಾಕುವಾಗ ಕರಕರ ಸದ್ದು ಬಂದರೆ ಸಾಮಾನ್ಯವಾಗಿ ಸವೆದಿರುವುದು ಸಿಂಕ್ರೊನೈಸರ್ ರಿಂಗು. ವೇಗವಾಗಿ ಸುತ್ತುವ ಗೇರನ್ನೂ ನಿಧಾನವಾಗಿ ಸುತ್ತುವ ಶಾಫ್ಟನ್ನೂ, ಹಲ್ಲುಗಳು ಸೇರುವ ಮೊದಲೇ, ಉಜ್ಜಾಟದಿಂದ ಸಮವೇಗಕ್ಕೆ ತರುವ ಹಿತ್ತಾಳೆ ಬಣ್ಣದ ಉಂಗುರ ಇದು. ರಿಂಗನ್ನು ಗೇರಿನ ಶಂಕುವಿನ ಮೇಲೆ ಒತ್ತಿ ಹಿಡಿದು ನಡುವಿನ ಸಂದಿಗೆ ಫೀಲರ್ ಗೇಜ್ ತೂರಿಸಿದರೆ ಹೊಸದರಲ್ಲಿ ಸುಮಾರು 1.1 ಮಿ.ಮೀ. ಇರುತ್ತದೆ, 0.6ಕ್ಕೆ ಇಳಿದಿದ್ದರೆ ಬದಲಿಸಬೇಕು. ಈ ರಿಂಗುಗಳನ್ನು, ಬೇರಿಂಗುಗಳನ್ನು, ಸೀಲುಗಳನ್ನು ಬದಲಿಸುವುದು ಹೈಡ್ರಾಲಿಕ್ ಪ್ರೆಸ್ಸು ಇರುವ ಮನೆಶೆಡ್ಡಿನಲ್ಲಿ ಆಗುವ ಕೆಲಸವೇ. ಕ್ರೌನ್ ಮತ್ತು ಪಿನಿಯನ್ನಿನದು ಹಾಗಲ್ಲ. ಪಿನಿಯನ್ನೆಂಬ ಸಣ್ಣ ಗೇರು ಕ್ರೌನ್ ವೀಲೆಂಬ ದೊಡ್ಡ ಗೇರಿನ ಹಲ್ಲುಗಳೊಳಗೆ ಎಷ್ಟು ಆಳಕ್ಕೆ ಇಳಿಯಬೇಕೆಂಬುದನ್ನು ಕಾರ್ಖಾನೆಯಲ್ಲಿ ಜೋಡಿ ಜೋಡಿಯಾಗಿ ಪರೀಕ್ಷಿಸಿ, ಆ ಅಳತೆಯನ್ನು ಅವುಗಳ ಮೈಮೇಲೇ ಕೆತ್ತಿರುತ್ತಾರೆ. ಅದನ್ನು ಮತ್ತೆ ಹೊಂದಿಸಲು ಅದಕ್ಕೆಂದೇ ಮಾಡಿದ ಅಳತೆ ಸಲಕರಣೆಗಳು ಬೇಕು. ಅವಿಲ್ಲದವರು ಪಿನಿಯನ್ನಿನ ಹಳೆಯ ಶಿಮ್ಮುಗಳನ್ನು ಬದಲಿಸದಿರುವುದೂ, ಆ ಭಾಗವನ್ನು ನುರಿತವರಿಗೆ ಒಪ್ಪಿಸುವುದೂ ವಿವೇಕ. ಡಿಫರೆನ್ಷಿಯಲ್ಲನ್ನು ತಿರುಗುಮುರುಗಾಗಿ ಎದುರು ಬದಿಗೆ ಕೂರಿಸಲು ಈ ಪೆಟ್ಟಿಗೆಯಲ್ಲಿ ಸಾಧ್ಯವಿರುವುದರಿಂದ, ಹಾಗೆ ಕೂರಿಸಿದ ಕಾರಿಗೆ ಹಿಂದಕ್ಕೆ ಹೋಗಲು ನಾಲ್ಕು ಗೇರುಗಳೂ ಮುಂದಕ್ಕೆ ಒಂದೂ ಸಿಗುತ್ತವೆ. ಎಂಜಿನ್ನನ್ನು ಮುಂದುಹಿಂದಾಗಿ ಹೂಡುವ ಓಟದ ಬಂಡಿಗಳಲ್ಲಿ ಇದೇ ಗುಣವನ್ನು ಬೇಕೆಂದೇ ಬಳಸಿಕೊಳ್ಳುತ್ತಾರೆ.

ಗೇರ್‌ಬಾಕ್ಸಿನ ಸುಧಾರಣೆಯೆಂದರೆ ಬಹುಮಟ್ಟಿಗೆ ಅನುಪಾತಗಳ ಬದಲಾವಣೆ. ಪಿನಿಯನ್ ಎಷ್ಟು ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು ತಿರುಗುತ್ತದೆ ಎಂಬ ಅಂಕಿ ಹಳೆಯ ಬೀಟಲ್‌ಗಳಲ್ಲಿ 4.375 ಇತ್ತು, ಆಮೇಲೆ 4.125 ಆಗಿ, ಕೊನೆಗೆ 3.875ಕ್ಕೆ ಇಳಿಯಿತು. ಟೈರಿನ ಸುತ್ತಳತೆ 2 ಮೀಟರ್, ನಾಲ್ಕನೆಯ ಗೇರಿನ ಅನುಪಾತ 0.89 ಎಂದಿಟ್ಟುಕೊಂಡರೆ, ಗಂಟೆಗೆ 100 ಕಿ.ಮೀ. ವೇಗದಲ್ಲಿ ಮೊದಲ ಕಾರಿನ ಎಂಜಿನ್ ನಿಮಿಷಕ್ಕೆ ಸುಮಾರು 3240 ಸುತ್ತು, ಕೊನೆಯದರದು ಸುಮಾರು 2870 ಸುತ್ತು ತಿರುಗುತ್ತದೆ. ಹೆದ್ದಾರಿಯಲ್ಲಿ ಸದ್ದೂ ಸವೆತವೂ ಕಡಿಮೆಯಾಗುವುದರಿಂದ ಹಳೆಯ ಕಾರಿಗೆ ಹೊಸ ಅನುಪಾತ ಹಾಕಿಸುವ ಆಸೆ ಸಹಜ. ಆದರೆ ಬೀಟಲ್‌ನಲ್ಲಿ ಫ್ಯಾನು ಸುತ್ತುವುದು ಕ್ರ್ಯಾಂಕ್ ಶಾಫ್ಟಿನ ಬೆಲ್ಟಿನಿಂದಲೇ ಆಗಿರುವುದರಿಂದ, ಎಂಜಿನ್ ನಿಧಾನವಾದಂತೆ ತಂಪು ಗಾಳಿಯೂ ಕುಗ್ಗುತ್ತದೆ, 1200 ಸಿ.ಸಿ.ಯ ಸಣ್ಣ ಎಂಜಿನ್ ಏರುರಸ್ತೆಯಲ್ಲಿ ಇಂತಹ ಗೇರಿನಲ್ಲಿ ಏದುಸಿರು ಬಿಡುತ್ತ ಸಾಗಿದರೆ ವೇಗವಾಗಿ ತಿರುಗುವಾಗಿನದಕ್ಕಿಂತಲೂ ಹೆಚ್ಚು ಕಾಯುತ್ತದೆ. ಹೀಗಾಗಿ ಕಡಿಮೆ ಅನುಪಾತದ ಗೇರು ದೊಡ್ಡ ಎಂಜಿನ್ನಿಗೆ ಮಾತ್ರ ಒಪ್ಪುತ್ತದೆ, ಮತ್ತು ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ಒಂದೇ ಲೆಕ್ಕದಲ್ಲಿ ಕೂಡಿಸಿ ಯೋಚಿಸದೆ ಮಾಡಿದ ಸುಧಾರಣೆ ಅರ್ಧಕ್ಕೇ ನಿಲ್ಲುತ್ತದೆ. ಶಕ್ತಿ ಇನ್ನೂ ಹೆಚ್ಚಿದಾಗ ಡಿಫರೆನ್ಷಿಯಲ್ಲಿನೊಳಗಿನ ಎರಡು ಸಣ್ಣ ಗೇರುಗಳ ಜಾಗದಲ್ಲಿ ನಾಲ್ಕನ್ನು ಹಾಕುವುದು, ಪೆಟ್ಟಿಗೆಯ ಪಕ್ಕದ ಮುಚ್ಚಳ ಬಾಗದಂತೆ ದಪ್ಪ ಏಣುಗಳಿರುವ ಮುಚ್ಚಳ ಹಾಕುವುದು, ಫ್ಲೈವೀಲನ್ನು ಶಾಫ್ಟಿಗೆ ಹಿಡಿಯುವ ನಾಲ್ಕು ಗೂಟಗಳನ್ನು ಎಂಟಕ್ಕೆ ಏರಿಸುವುದು ಅಗತ್ಯವಾಗುತ್ತವೆ. ಹಳೆಯ 6 ವೋಲ್ಟಿನ ಕಾರಿಗೆ ಹೊಸ ಎಂಜಿನ್ ಕೂರಿಸುವವರು ಇನ್ನೊಂದು ತೊಡಕನ್ನು ಎದುರಿಸುತ್ತಾರೆ. ಹಳೆಯ ಫ್ಲೈವೀಲಿಗೆ 109 ಹಲ್ಲುಗಳು, 12 ವೋಲ್ಟಿನದಕ್ಕೆ 130. ದೊಡ್ಡ ಚಕ್ರ ತಿರುಗಲು ಹಳೆಯ ಗೇರ್‌ಬಾಕ್ಸಿನ ಬಾಯಿಯ ಒಳಗೋಡೆಯನ್ನು ಸ್ವಲ್ಪ ಕೆತ್ತಬೇಕಾಗುತ್ತದೆ.

ಭಾರತದಲ್ಲಿ ಹಳೆಯ ಕಾರನ್ನು ಹೀಗೆ ಮಾರ್ಪಡಿಸಬಯಸುವವರು ಕಾನೂನಿನ ಒಂದು ಮಾತನ್ನು ಮೊದಲೇ ತಿಳಿದಿರಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿದಿದೆ. ಎಂಜಿನ್ ಸಂಖ್ಯೆಯೂ ಗಾತ್ರವೂ ನೋಂದಣಿಯಲ್ಲಿ ದಾಖಲಾಗಿರುವುದರಿಂದ, ಸವೆದ ಭಾಗಗಳನ್ನು ಅದೇ ಅಳತೆಯಲ್ಲಿ ಬದಲಿಸುವುದಕ್ಕೆ ಅಡ್ಡಿಯಿಲ್ಲವಾದರೂ, ಗಾತ್ರ ಹೆಚ್ಚಿಸುವ ಅಥವಾ ಬೇರೆ ಎಂಜಿನ್ ಹೂಡುವ ಮುನ್ನ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಅಗತ್ಯ.

ಎಲ್ಲ ಮುಗಿದು ಎಂಜಿನ್ ಮತ್ತೆ ಕಾರಿಗೆ ಸೇರಿದ ಮೇಲೂ ಕೆಲಸ ಉಳಿದಿರುತ್ತದೆ. ತಣ್ಣಗಿರುವಾಗಲೇ ವಾಲ್ವುಗಳ ಸಂದನ್ನು 0.15 ಮಿ.ಮೀ.ಗೆ ಹೊಂದಿಸಿ, ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದು, ಕಿಡಿಯ ಸಂಪರ್ಕವನ್ನು ಕಡಿದು, ಎಣ್ಣೆಯ ಒತ್ತಡ ಸೂಚಿಸುವ ದೀಪ ಆರುವವರೆಗೆ ಸ್ಟಾರ್ಟರಿನಿಂದ ಎಂಜಿನ್ನನ್ನು ಸುಮ್ಮನೆ ತಿರುಗಿಸಬೇಕು. ಒಣಗಿದ ಬೇರಿಂಗುಗಳಿಗೆ ಎಣ್ಣೆ ತಲುಪುವುದು ಹೀಗೆ. ಆಮೇಲೆ ಎಂಜಿನ್ ಹತ್ತಿಸಿದೊಡನೆ ಅದನ್ನು ಮಂದಗತಿಯಲ್ಲಿ ಬಿಡದೆ ನಿಮಿಷಕ್ಕೆ ಸುಮಾರು 2000 ಸುತ್ತಿನಲ್ಲಿ 20 ನಿಮಿಷ ಓಡಿಸುತ್ತಾರೆ. ಹೊಸ ಕ್ಯಾಮ್ ಶಾಫ್ಟಿನ ಉಬ್ಬುಗಳೂ ಅವುಗಳ ಮೇಲೆ ಜಾರುವ ಟಪೆಟ್ಟುಗಳೂ ಒಂದಕ್ಕೊಂದು ಹೊಂದಿಕೊಳ್ಳುವ ಕಾಲ ಅದು, ಮತ್ತು ಆ ಭಾಗಕ್ಕೆ ಎಣ್ಣೆ ಸಿಗುವುದು ಬಹುಪಾಲು ಕ್ರ್ಯಾಂಕ್ ಶಾಫ್ಟು ಎರಚಿದ ತುಂತುರಿನಿಂದ ಆಗಿರುವುದರಿಂದ ಶಾಫ್ಟು ಜೋರಾಗಿ ತಿರುಗುತ್ತಿರಬೇಕು. ಮೊದಲ 500 ಕಿ.ಮೀ. ಮುಗಿದಾಗ ವಾಲ್ವುಗಳನ್ನು ಮತ್ತೆ ಹೊಂದಿಸಿ, ಎಣ್ಣೆಯನ್ನು ಬಿಳಿ ಬಟ್ಟೆಯ ಮೇಲೆ ಸೋಸಿ ಇಳಿಸಿ, ಕೆಳಗಿನ ತಂತಿಜಾಲರಿಯನ್ನು ಬಿಚ್ಚಿ ನೋಡಬೇಕು. ಸ್ವಲ್ಪ ಬೂದುಬಣ್ಣದ ಹುಡಿ ಇದ್ದರೆ ಅದು ಹೊಸ ರಿಂಗುಗಳ ಸಹಜ ಸವೆತ. ಹೊಳೆಯುವ ಚಕ್ಕೆಗಳು ಕಂಡರೆ ಅವುಗಳ ಬಳಿ ಅಯಸ್ಕಾಂತ ಹಿಡಿದು ನೋಡುತ್ತಾರೆ. ಚಕ್ಕೆ ಅದಕ್ಕೆ ಅಂಟಿದರೆ ಅದು ಕ್ಯಾಮ್, ಟಪೆಟ್ಟು ಅಥವಾ ಕ್ರ್ಯಾಂಕ್ ಗೇರಿನ ಕಬ್ಬಿಣ ಅಥವಾ ಉಕ್ಕು. ಅಂಟದೆ ಹೋದರೆ ಬೇರಿಂಗಿನ ಅಥವಾ ಕೇಸಿನ ಲೋಹ, ಮತ್ತು ಎಂಜಿನ್ನನ್ನು ಮತ್ತೊಮ್ಮೆ ಇಳಿಸಿ, ಮೈಕ್ರೋಮೀಟರನ್ನು ಮತ್ತೆ ಕೈಗೆತ್ತಿಕೊಳ್ಳಬೇಕಾಗುತ್ತದೆ.